ಹಿಂಭಾರವೊಂದೇ ಕಾರಣವೆ?
ಸರಕು ವಿಮಾನವೊಂದರ ಪತನ ಮತ್ತು ಅದರ ತನಿಖೆ

ಎತ್ತಿನ ಗಾಡಿಗೆ ಮೂಟೆ ಹೇರುವವನಿಗೆ ಯಂತ್ರಶಾಸ್ತ್ರದ ಒಂದು ಮುಖ್ಯ ನಿಯಮವು ಯಾವ ಪುಸ್ತಕವನ್ನೂ ಓದದೆಯೇ ತಿಳಿದಿರುತ್ತದೆ. ಮೂಟೆಗಳನ್ನು ಅಚ್ಚಿನ ಹಿಂದಕ್ಕೆ ಹೆಚ್ಚಾಗಿ ಒಟ್ಟಿದರೆ ಮೂಕಿ ಮೇಲಕ್ಕೇಳುತ್ತದೆ. ನೊಗವು ಎತ್ತುಗಳ ಹೆಗಲನ್ನು ಬಿಟ್ಟೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾಗಿ ಒಟ್ಟಿದರೆ ಭಾರವೆಲ್ಲವೂ ಎತ್ತುಗಳ ಹೆಗಲ ಮೇಲೆಯೇ ಬೀಳುತ್ತದೆ. ಆದುದರಿಂದ ಅವನು ಮೂಕಿಯನ್ನು ಒಮ್ಮೆ ಕೈಯಿಂದ ಎತ್ತಿ ನೋಡಿ, ಭಾರವು ಅಚ್ಚಿನ ಮೇಲೆ ಸರಿತೂಗಿದೆಯೆಂದು ಮನಗಂಡ ಮೇಲೆಯೇ ಗಾಡಿ ಹೊಡೆಯುತ್ತಾನೆ. ಇಂದು ಅಳದಂಗಡಿ, ನಾರಾವಿ, ಬೆಳ್ತಂಗಡಿಗಳ ರಸ್ತೆಗಳಲ್ಲಿ ಗಾಡಿಯ ಕೆಲಸವನ್ನು ಲಾರಿಗಳು ವಹಿಸಿಕೊಂಡಿವೆ. ವಾಹನ ಬದಲಾಗಿದ್ದರೂ ನಿಯಮ ಬದಲಾಗಿಲ್ಲ. ನೆಲವನ್ನು ಬಿಟ್ಟು ಗಾಳಿಯ ಆಧಾರದ ಮೇಲೆಯೇ ನಿಲ್ಲಬೇಕಾದ ವಿಮಾನಕ್ಕಂತೂ ಈ ನಿಯಮವು ಪ್ರಾಣದ ಪ್ರಶ್ನೆಯಾಗಿದೆ.

ನೆಲವನ್ನು ಬಿಟ್ಟ ಕೆಲವೇ ಕ್ಷಣಗಳಲ್ಲಿ ಸರಕು ವಿಮಾನವೊಂದು ಮೂಗೆತ್ತಿ, ತಡವರಿಸಿ, ಕೆಳಗೆ ಬಿದ್ದಿತೆಂದು ಕೇಳಿದೊಡನೆ ಅದು ಹಿಂಭಾರವಾಗಿತ್ತೆಂದು ಯಾರಿಗಾದರೂ ತೋರುವುದು ಸಹಜ. ಆದರೆ ತೋರುವುದು ಬೇರೆ, ಸಿದ್ಧಪಡಿಸುವುದು ಬೇರೆ. ಈ ಎರಡರ ನಡುವಣ ಅಂತರವನ್ನು ೨೦೧೩ರಲ್ಲಿ ಅಫಘಾನಿಸ್ತಾನದಲ್ಲಿ ನಡೆದ ದುರ್ಘಟನೆಯೊಂದರ ತನಿಖೆಯು ಚೆನ್ನಾಗಿ ತೋರಿಸಿಕೊಡುತ್ತದೆ.

ಕಣ್ಣಿಗೆ ಕಂಡುದು

೨೦೧೩ರ ಏಪ್ರಿಲ್ ೨೯ರಂದು ಅಮೆರಿಕದ ನ್ಯಾಷನಲ್ ಏರ್‌ಲೈನ್ಸ್ ಸಂಸ್ಥೆಗೆ ಸೇರಿದ ಬೋಯಿಂಗ್ ೭೪೭-೪೦೦ ಜಾತಿಯ ಸರಕು ವಿಮಾನವೊಂದು ಅಫಘಾನಿಸ್ತಾನದ ಬಗ್ರಾಮ್ ನೆಲೆಯಿಂದ ದುಬೈಗೆ ಹೊರಟಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳವರಿಗೆ ದುಬೈ ನೆರೆಯೂರಿನಷ್ಟೇ ಪರಿಚಿತವಾದ ಹೆಸರು. ವಿಮಾನವು ಕ್ಯಾಂಪ್ ಬ್ಯಾಸ್ಟಿಯನ್ ಎಂಬ ಮತ್ತೊಂದು ನೆಲೆಯಲ್ಲಿ ಹೊರೆಯನ್ನು ತುಂಬಿಕೊಂಡು, ಇಂಧನಕ್ಕಾಗಿ ಮಾತ್ರ ಬಗ್ರಾಮಿನಲ್ಲಿ ಇಳಿದಿತ್ತು. ಅದರೊಳಗಿದ್ದವರು ಏಳು ಮಂದಿ: ನಾಲ್ವರು ಚಾಲಕರು, ಇಬ್ಬರು ಯಂತ್ರಕಾರರು, ಮತ್ತು ಹೊರೆಯ ಮೇಲ್ವಿಚಾರಣೆಗೆ ನಿಯುಕ್ತನಾದ ಒಬ್ಬ ಹೊರೆ ಅಧಿಕಾರಿ.

ಹೊರೆ ಸಾಮಾನ್ಯವಾದುದಾಗಿರಲಿಲ್ಲ. ನೆಲಬಾಂಬಿನ ಹೊಡೆತವನ್ನು ತಡೆಯಬಲ್ಲ ಉಕ್ಕಿನ ಕವಚವುಳ್ಳ ಐದು ಸೇನಾವಾಹನಗಳು ವಿಮಾನದೊಳಗೆ ಒಂದರ ಹಿಂದೊಂದು ಸಾಲಾಗಿ ನಿಂತಿದ್ದುವು. ಅಮೆರಿಕದ ಟನ್ನಿನ ಲೆಕ್ಕದಲ್ಲಿ ಅವುಗಳಲ್ಲಿ ಎರಡು ೧೨ ಟನ್ನಿನವು, ಮೂರು ೧೮ ಟನ್ನಿನವು. ಒಟ್ಟು ೭೮ ಟನ್. ನಮ್ಮ ಮೆಟ್ರಿಕ್ ಮಾನದಲ್ಲಿ ಸುಮಾರು ೭೦ ಟನ್. ಪ್ರತಿಯೊಂದು ವಾಹನವನ್ನೂ ಲೋಹದ ಹಲಗೆಗಳ ಮೇಲೆ ನಿಲ್ಲಿಸಿ, ನೇಯ್ದ ನೂಲಿನ ಪಟ್ಟಿಗಳಿಂದ ವಿಮಾನದ ನೆಲಕ್ಕೆ ಬಿಗಿದಿದ್ದರು. ಹಗುರವಾದ ವಾಹನಗಳಿಗೆ ತಲಾ ೨೪ ಪಟ್ಟಿಗಳು, ಭಾರವಾದವುಗಳಿಗೆ ತಲಾ ೨೬.

ವಿಮಾನವು ಓಡುದಾರಿಯ ಮೇಲೆ ವೇಗವನ್ನು ಗಳಿಸಿ, ಮೂಗನ್ನೆತ್ತಿ ನೆಲ ಬಿಟ್ಟಿತು. ಬಿಟ್ಟೊಡನೆಯೇ ಮೂಗು ಮತ್ತಷ್ಟು ಮೇಲಕ್ಕೆ ತಿರುಗಿತು. ಏರುತ್ತಿದ್ದ ವಿಮಾನವು ಗಾಳಿಯಲ್ಲಿ ನಿಂತಂತಾಗಿ, ಒಂದು ಮಗ್ಗುಲಿಗೆ ವಾಲಿ, ನೆಲಕ್ಕೆ ಅಪ್ಪಳಿಸಿ ಉರಿದುಹೋಯಿತು. ಏಳು ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಹತ್ತಿರದಲ್ಲಿ ಹೋಗುತ್ತಿದ್ದ ವಾಹನವೊಂದರಲ್ಲಿದ್ದ ಕ್ಯಾಮರಾ ಈ ಪತನವನ್ನು ಚಿತ್ರಿಸಿತು. ಆ ಚಿತ್ರವನ್ನು ಜಗತ್ತೆಲ್ಲ ನೋಡಿತು. ನೋಡಿದವರಲ್ಲಿ ಬಹುಮಂದಿ ಹೊರೆ ಹಿಂದಕ್ಕೆ ಜರುಗಿ ಬಾಲ ಭಾರವಾಯಿತೆಂದು ತೀರ್ಮಾನಿಸಿದರು.

ಗುರುತ್ವಕೇಂದ್ರ

ಈ ತೀರ್ಮಾನವನ್ನು ಪರೀಕ್ಷಿಸುವ ಮೊದಲು ವಿಮಾನವು ಗಾಳಿಯಲ್ಲಿ ಸಮತೋಲವನ್ನು ಕಾಯ್ದುಕೊಳ್ಳುವ ಬಗೆಯನ್ನು ತಿಳಿಯಬೇಕು. ಯಾವುದೇ ವಸ್ತುವಿನ ತೂಕವೆಲ್ಲವೂ ಒಂದೇ ಬಿಂದುವಿನಲ್ಲಿ ಕೇಂದ್ರೀಕರಿಸಿದೆಯೆಂದು ಭಾವಿಸಿ ಲೆಕ್ಕ ಮಾಡಬಹುದು. ಆ ಬಿಂದುವೇ ಗುರುತ್ವಕೇಂದ್ರ. ವಿಮಾನದ ತೂಕವು ಗುರುತ್ವಕೇಂದ್ರದಲ್ಲಿ ಕೆಳಮುಖವಾಗಿ ಎಳೆಯುತ್ತದೆ. ರೆಕ್ಕೆಗಳ ಎತ್ತುಬಲವು ಅದಕ್ಕಿಂತ ತುಸು ಹಿಂದೆ ಮೇಲ್ಮುಖವಾಗಿ ವರ್ತಿಸುತ್ತದೆ. ಇವೆರಡೇ ಇದ್ದಿದ್ದರೆ ವಿಮಾನದ ಮೂಗು ಕೆಳಕ್ಕೆ ಬಾಗುತ್ತಿತ್ತು. ಹಾಗಾಗದಂತೆ ಬಾಲದ ಕಡೆಯಲ್ಲಿ ಅಡ್ಡಲಾಗಿರುವ ಸಣ್ಣ ರೆಕ್ಕೆಯು ಕೆಳಮುಖವಾಗಿ ಸ್ವಲ್ಪ ಒತ್ತಿ ತೂಕವನ್ನು ಸರಿದೂಗಿಸುತ್ತದೆ. ಬಾಲವು ಗುರುತ್ವಕೇಂದ್ರದಿಂದ ಬಹು ದೂರದಲ್ಲಿರುವ ಕಾರಣ, ಉದ್ದವಾದ ಸನ್ನೆಕೋಲಿನ ತುದಿಯಲ್ಲಿ ಹಾಕಿದ ಸಣ್ಣ ಬಲದಂತೆ, ಅದರ ಅಲ್ಪ ಒತ್ತಡವೂ ದೊಡ್ಡ ಪರಿಣಾಮವನ್ನುಂಟುಮಾಡುತ್ತದೆ.

ಈ ಬಾಲದ ರೆಕ್ಕೆಯಲ್ಲಿ ಎರಡು ಭಾಗಗಳುಂಟು. ಮುಂಭಾಗವು ದೊಡ್ಡ ಪಟ್ಟೆ. ಅದನ್ನು ಸ್ಥಿರಕವೆಂದು ಕರೆಯೋಣ. ಅದರ ಹಿಂದೆ ಬಾಗಿಲಿನಂತೆ ಕೀಲುಗಳ ಮೇಲೆ ಆಡುವ ಸಣ್ಣ ಪಟ್ಟೆಯು ಏರಿಳಿಪಟ್ಟೆ. ಚಾಲಕನು ಕೈಗೋಲನ್ನು ಹಿಂದಕ್ಕೆಳೆದಾಗ ಅಥವಾ ಮುಂದಕ್ಕೆ ನೂಕಿದಾಗ ಆಡುವುದು ಏರಿಳಿಪಟ್ಟೆ. ಸ್ಥಿರಕವೆಂಬ ಹೆಸರಿದ್ದರೂ ದೊಡ್ಡ ಪಟ್ಟೆಯು ಪೂರ್ತಿ ಸ್ಥಿರವಲ್ಲ. ಅಂದಂದಿನ ಹೊರೆಯ ಹಂಚಿಕೆಗೆ ತಕ್ಕಂತೆ ಅದರ ಕೋನವನ್ನು ಹಾರುವ ಮೊದಲೇ ಹೊಂದಿಸಬೇಕು. ಅದನ್ನು ತಿರುಗಿಸುವುದು ಒಂದು ದಪ್ಪನಾದ ತಿರುಪಿನ ಕಂಬ. ಲಾರಿಯ ಚಕ್ರ ಬದಲಾಯಿಸುವಾಗ ಬಳಸುವ ತಿರುಪಿನ ಜಾಕಿಯನ್ನು ಕಂಡವರಿಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ತಿರುಪು ತಿರುಗಿದಂತೆ ಅದರ ಮೇಲಿನ ತಿರುಗಣೆ ಮೇಲೆ ಕೆಳಗೆ ಸರಿದು ಪಟ್ಟೆಯ ಮುಂಭಾಗವನ್ನು ಎತ್ತುತ್ತದೆ ಇಲ್ಲವೆ ಇಳಿಸುತ್ತದೆ. ಈ ಜಾಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ನಮ್ಮ ಕಥೆಯ ಮುಖ್ಯ ಪಾತ್ರವಾಗಲಿದೆ.

ರೆಕ್ಕೆ ಸೋಲುವುದೆಂದರೇನು?

ಮೂಗು ಮೇಲೆದ್ದರೆ ವಿಮಾನವು ಇನ್ನಷ್ಟು ಮೇಲೇರಬೇಕಲ್ಲವೆ, ಬೀಳುವುದೇಕೆ ಎಂದು ಕೆಲವರು ಕೇಳಬಹುದು. ಒಂದು ಸಣ್ಣ ಪ್ರಯೋಗದಿಂದ ಇದು ಸ್ಪಷ್ಟವಾಗುತ್ತದೆ. ಮೇಜಿನ ಫ್ಯಾನಿನ ಮುಂದೆ ಅಂಗೈಯಗಲದ ರಟ್ಟನ್ನು ಮಲಗಿಸಿ ಹಿಡಿದು, ಗಾಳಿ ಬರುವ ಕಡೆಯ ಅಂಚನ್ನು ಮೆಲ್ಲಮೆಲ್ಲನೆ ಮೇಲಕ್ಕೆತ್ತಿರಿ. ಮೊದಮೊದಲು ರಟ್ಟು ಮೇಲಕ್ಕೇಳಲು ಹವಣಿಸುವುದು ಕೈಗೆ ತಿಳಿಯುತ್ತದೆ. ತುಂಬ ಎತ್ತಿದರೆ ಅದು ಮೇಲೇಳುವುದಕ್ಕೆ ಬದಲಾಗಿ ಹಿಂದಕ್ಕೆ ತಳ್ಳಲ್ಪಡುತ್ತದೆ.

ವಿಮಾನದ ರೆಕ್ಕೆಯ ಸ್ಥಿತಿಯೂ ಇದೇ. ಎದುರುಗಾಳಿಗೂ ರೆಕ್ಕೆಗೂ ನಡುವಣ ಕೋನವು ಹೆಚ್ಚಿದಂತೆಲ್ಲ ಎತ್ತುಬಲವೂ ಹೆಚ್ಚುತ್ತದೆ. ಆದರೆ ಇದಕ್ಕೊಂದು ಮಿತಿಯುಂಟು. ಸಾಮಾನ್ಯ ರೆಕ್ಕೆಗಳಲ್ಲಿ ಸುಮಾರು ೧೫ ಡಿಗ್ರಿಗಳ ಆಚೆಗೆ ಹೋದರೆ ಗಾಳಿಯು ರೆಕ್ಕೆಯ ಮೇಲ್ಮೈಯನ್ನು ಅಂಟಿಕೊಂಡು ಹರಿಯದೆ, ಅದನ್ನು ತೊರೆದು ಸುಳಿಸುಳಿಯಾಗಿ ಒಡೆಯುತ್ತದೆ. ಆಗ ಎತ್ತುಬಲ ಕುಸಿದು, ಗಾಳಿಯ ತಡೆ ಏಕಾಏಕಿ ಏರುತ್ತದೆ. ರೆಕ್ಕೆ ಸೋತಿತೆಂದರೆ ಇದೇ. ಎಂಜಿನುಗಳು ಪೂರ್ಣಬಲದಿಂದ ಓಡುತ್ತಿದ್ದರೂ ರೆಕ್ಕೆ ಸೋಲಬಹುದು. ಬಹು ಎತ್ತರದಲ್ಲಿದ್ದಾಗ ಚಾಲಕನು ಮೂಗನ್ನು ಕೆಳಗೆ ಬಾಗಿಸಿ, ವೇಗವನ್ನು ಮರಳಿ ಪಡೆದು, ವಿಮಾನವನ್ನು ಉಳಿಸಿಕೊಳ್ಳಬಹುದು. ನೆಲ ಬಿಟ್ಟು ಕೆಲವೇ ಕ್ಷಣಗಳಾಗಿದ್ದರೆ ಬಾಗಿಸಲು ಸ್ಥಳವೂ ಇಲ್ಲ, ಸಮಯವೂ ಇಲ್ಲ.

ಒಂದೇ ನೋಟ, ಬೇರೆ ಬೇರೆ ಕಾರಣ

ಬಗ್ರಾಮಿನ ವಿಮಾನವು ಬಿದ್ದುದು ರೆಕ್ಕೆ ಸೋತುದರಿಂದಲೇ. ಇದರಲ್ಲಿ ಸಂಶಯವಿರಲಿಲ್ಲ. ಆದರೆ ಮೂಗನ್ನು ಅಷ್ಟು ಮೇಲಕ್ಕೆತ್ತಿದುದು ಯಾವುದು? ಈ ಪ್ರಶ್ನೆಗೆ ಅವಸರದ ಉತ್ತರ ಕೊಡುವುದು ಏಕೆ ಸಲ್ಲದೆಂಬುದಕ್ಕೆ ಹಿಂದಿನ ಎರಡು ದುರ್ಘಟನೆಗಳನ್ನು ನೆನೆಯಬೇಕು.

೧೯೯೭ರ ಆಗಸ್ಟ್ ೭ರಂದು ಅಮೆರಿಕದ ಮಯಾಮಿಯಲ್ಲಿ ಫೈನ್ ಏರ್ ಸಂಸ್ಥೆಯ ಡಿಸಿ-೮ ಸರಕು ವಿಮಾನವೊಂದು ಬಟ್ಟೆಯ ಹೊರೆಯೊಡನೆ ಮೇಲೆದ್ದು, ಮೂಗೆತ್ತಿ ಬಿದ್ದಿತು. ವಿಮಾನದಲ್ಲಿದ್ದ ನಾಲ್ವರೂ ನೆಲದ ಮೇಲಿದ್ದ ಒಬ್ಬನೂ ಸತ್ತರು. ಅಲ್ಲಿ ಹೊರೆಯನ್ನು ನಿಶ್ಚಯಿಸಿದ ಕ್ರಮದಲ್ಲಿ ಹೇರಿರಲಿಲ್ಲ. ಗುರುತ್ವಕೇಂದ್ರವು ಚಾಲಕರು ತಿಳಿದಿದ್ದ ಸ್ಥಾನಕ್ಕಿಂತ ಹಿಂದಿತ್ತು. ತಪ್ಪು ಲೆಕ್ಕವನ್ನು ನಂಬಿ ಸ್ಥಿರಕದ ಕೋನವನ್ನು ಹೊಂದಿಸಿದ್ದರಿಂದ ಮೂಗು ಅಳತೆ ಮೀರಿ ಎದ್ದಿತು. ಇದು ನಿಜವಾಗಿಯೂ ಹಿಂಭಾರದ ಫಲ.

೨೦೦೦ದ ಫೆಬ್ರವರಿ ೧೬ರಂದು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ಬಳಿ ಎಮರಿ ವರ್ಲ್ಡ್‌ವೈಡ್ ಸಂಸ್ಥೆಯ ಮತ್ತೊಂದು ಡಿಸಿ-೮ ಸರಕು ವಿಮಾನವು ಮೇಲೆದ್ದೊಡನೆ ಇದೇ ಬಗೆಯಾಗಿ ಮೂಗೆತ್ತತೊಡಗಿತು. ಗುರುತ್ವಕೇಂದ್ರವು ಮಿತಿಯನ್ನು ಮೀರಿ ಹಿಂದೆ ಹೋಗಿದೆಯೆಂದೇ ಚಾಲಕರು ಭಾವಿಸಿದರು. ಅವರು ಆಡಿದ ಮಾತು ಧ್ವನಿಮುದ್ರಕದಲ್ಲಿ ಉಳಿದಿದೆ. ವಿಮಾನವನ್ನು ಹಿಂದಕ್ಕೆ ತಿರುಗಿಸಲು ಹೆಣಗಿದ ಆ ಮೂವರೂ ಸತ್ತರು. ತನಿಖೆ ಮುಗಿದಾಗ ಹೊರೆಯು ನಿರ್ದೋಷಿಯಾಗಿತ್ತು. ಬಾಲದ ಬಲಗಡೆಯ ಏರಿಳಿಪಟ್ಟೆಯನ್ನು ಆಡಿಸುವ ಚಿಕ್ಕ ಪಟ್ಟಿಯ ಸಂಪರ್ಕವೇ ಕಳಚಿತ್ತು; ಅದನ್ನು ಹಿಡಿದಿರಬೇಕಾದ ಬೋಲ್ಟನ್ನು ದುರಸ್ತಿಯ ಕಾಲದಲ್ಲಿ ಸರಿಯಾಗಿ ಭದ್ರಪಡಿಸಿರಲಿಲ್ಲ, ತಪಾಸಣೆಯಲ್ಲಿಯೂ ಅದು ಗಮನಕ್ಕೆ ಬಂದಿರಲಿಲ್ಲ.

ಹೊರಗಿನಿಂದ ನೋಡುವವನಿಗೆ ಈ ಎರಡು ಪತನಗಳಿಗೂ ಬಹಳ ಹೋಲಿಕೆಯುಂಟು. ಒಂದರ ಕಾರಣ ಹೊರೆಯ ಹಂಚಿಕೆಯಲ್ಲಿತ್ತು, ಮತ್ತೊಂದರದು ಒಂದು ಬೋಲ್ಟಿನಲ್ಲಿ. ಎರಡನೆಯದನ್ನೂ ಹಿಂಭಾರದ ಲೆಕ್ಕಕ್ಕೆ ಸೇರಿಸಿ ಕಡತವನ್ನು ಮುಚ್ಚಿದ್ದರೆ, ಬೋಲ್ಟುಗಳನ್ನು ನೋಡುವವರು ಯಾರು?

ಅವಶೇಷಗಳ ಸಾಕ್ಷ್ಯ

ಬಗ್ರಾಮಿನ ತನಿಖೆಯಲ್ಲಿ ಅಫಘಾನಿಸ್ತಾನದ ಅಧಿಕಾರಿಗಳೂ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯವರೂ ಪಾಲ್ಗೊಂಡರು. ಮಂಡಳಿಯು ತನ್ನ ನಿರ್ಣಯವನ್ನು ೨೦೧೫ರ ಜುಲೈಯಲ್ಲಿ ಅಂಗೀಕರಿಸಿತು. ದೃಶ್ಯವನ್ನು ಚಿತ್ರದಲ್ಲಿ ಎಲ್ಲರೂ ನೋಡಿದ್ದ ಅಪಘಾತಕ್ಕೆ ಎರಡು ವರ್ಷಗಳ ಕೆಲಸವೇಕೆಂಬುದಕ್ಕೆ ಅವರಿಗೆ ದೊರೆತ ಸಾಕ್ಷ್ಯಗಳೇ ಉತ್ತರ.

ಮೊದಲನೆಯ ಸಾಕ್ಷ್ಯವು ಬೂದಿಯ ರಾಶಿಯಲ್ಲಿರದೆ ಓಡುದಾರಿಯ ಮೇಲೆ ದೊರೆಯಿತು. ವಿಮಾನದ ಒಡಲಿನ ತಗಡಿನ ಚೂರುಗಳೂ ಹೈಡ್ರಾಲಿಕ್ ಕೊಳವೆಯ ತುಂಡೂ ಅಲ್ಲಿ ಬಿದ್ದಿದ್ದುವು. ವಿಮಾನವು ನೆಲಕ್ಕೆ ಬಡಿದುದು ಬೇರೆ ಸ್ಥಳದಲ್ಲಿ. ಆದುದರಿಂದ ಈ ಚೂರುಗಳು ಬೀಳುವುದಕ್ಕಿಂತ ಮೊದಲೇ ಕಿತ್ತುಬಂದಿರಬೇಕು. ಎಂದರೆ ಓಡುದಾರಿಯ ಮೇಲಿರುವಾಗಲೇ ಬಾಲದ ಕಡೆಯಲ್ಲಿ ಏನೋ ಒಡೆದಿತ್ತು.

ಎರಡನೆಯದು ಮುದ್ರಕಗಳ ಮೌನ. ಪತ್ರಿಕೆಗಳು ಕಪ್ಪು ಪೆಟ್ಟಿಗೆಯೆಂದು ಕರೆಯುವ ಉಪಕರಣಗಳಿಗೆ ವಾಸ್ತವವಾಗಿ ಎದ್ದು ಕಾಣುವ ಕಿತ್ತಳೆ ಬಣ್ಣವಿರುತ್ತದೆ. ಒಂದು ಮುದ್ರಕವು ವೇಗ, ಎತ್ತರ, ಪಟ್ಟೆಗಳ ಸ್ಥಾನ ಮುಂತಾದುವನ್ನು ದಾಖಲಿಸಿದರೆ ಮತ್ತೊಂದು ಚಾಲಕರ ಕೋಣೆಯ ಧ್ವನಿಗಳನ್ನು ಹಿಡಿದಿಡುತ್ತದೆ. ೨೦೧೦ರ ಮೇ ೨೨ರಂದು ದುಬೈಯಿಂದ ಬಂದ ವಿಮಾನವು ಬಜ್ಪೆಯಲ್ಲಿ ಓಡುದಾರಿಯನ್ನು ಮೀರಿ ಕಂದರಕ್ಕೆ ಬಿದ್ದು ೧೫೮ ಮಂದಿ ಸತ್ತಾಗ, ಚಾಲಕರ ಕೋಣೆಯಲ್ಲಿ ನಡೆದುದನ್ನು ಹೇಳಲು ಚಾಲಕರಲ್ಲಿ ಯಾರೂ ಉಳಿದಿರಲಿಲ್ಲ. ಏರ್ ಮಾರ್ಷಲ್ ಗೋಖಲೆಯವರ ಅಧ್ಯಕ್ಷತೆಯ ವಿಚಾರಣಾ ಮಂಡಳಿಗೆ ಅದನ್ನು ತಿಳಿಸಿದುದು ಮುದ್ರಕಗಳೇ. ಬಗ್ರಾಮಿನಲ್ಲಿಯಾದರೋ ಎರಡು ಮುದ್ರಕಗಳೂ ವಿಮಾನವು ನೆಲ ಬಿಡುವ ಹೊತ್ತಿಗೇ ನಿಂತುಹೋಗಿದ್ದುವು. ಮೊದಲ ನೋಟಕ್ಕೆ ಇದು ತನಿಖೆಗೆ ಒದಗಿದ ದುರದೃಷ್ಟ. ಆದರೆ ಮುದ್ರಕಗಳಿರುವುದು ವಿಮಾನದ ಹಿಂಭಾಗದಲ್ಲಿ, ಹೊರೆಯ ಕೋಣೆಯ ಕೊನೆಯ ಗೋಡೆಗೆ ಸಮೀಪದಲ್ಲಿ. ಅವು ಒಟ್ಟಿಗೆ ನಿಂತುವೆಂದರೆ ಆ ಗೋಡೆಯನ್ನು ಭೇದಿಸಿಕೊಂಡು ಯಾವುದೋ ವಸ್ತು ಹಿಂದಕ್ಕೆ ನುಗ್ಗಿರಬೇಕು. ಹೀಗೆ ಅವುಗಳ ಮೌನವೂ ಮಾತನಾಡಿತು.

ಮೂರನೆಯದು, ನಿಲ್ಲುವ ಮೊದಲು ಧ್ವನಿಮುದ್ರಕವು ಹಿಡಿದಿಟ್ಟಿದ್ದ ಸಂಭಾಷಣೆ. ಹಿಂದಿನ ಹಾರಾಟದಲ್ಲಿ ಹೊರೆಯು ತುಸು ಜರುಗಿದ್ದುದೂ ಪಟ್ಟಿಯೊಂದು ತುಂಡಾಗಿದ್ದುದೂ ಬಗ್ರಾಮಿನಲ್ಲಿ ಗಮನಕ್ಕೆ ಬಂದು, ಚಾಲಕರು ಆ ವಿಷಯವಾಗಿ ಮಾತನಾಡಿಕೊಂಡಿದ್ದರು. ಕಟ್ಟುಗಳನ್ನು ಮತ್ತೆ ಬಿಗಿಗೊಳಿಸಿ ವಿಮಾನವು ಹೊರಟಿತು.

ಲೆಕ್ಕವು ಹೇಳಿದುದೇನು?

ಅಂತೂ ಹೊರೆ ಜರುಗಿದುದು ದಿಟವಾಯಿತು. ಹಾಗಾದರೆ ಜನರ ಊಹೆಯೇ ಸರಿಯಾಯಿತಲ್ಲ, ಬಾಲ ಭಾರವಾಗಿ ವಿಮಾನ ಬಿದ್ದಿತಲ್ಲ ಎನ್ನಬಹುದು. ಇಲ್ಲಿಯೇ ಗಣಿತವು ಅಡ್ಡಬರುತ್ತದೆ.

ಒಂದು ಸರಳ ಉದಾಹರಣೆಯನ್ನು ತೆಗೆದುಕೊಳ್ಳೋಣ. ವಿಮಾನದ ಒಟ್ಟು ತೂಕ ೩೦೦ ಟನ್ ಎಂದೂ, ಅದರಲ್ಲಿ ೧೧ ಟನ್ ತೂಕದ ಒಂದು ವಾಹನವು ೩ ಮೀಟರ್ ಹಿಂದಕ್ಕೆ ಜರುಗಿತೆಂದೂ ಇಟ್ಟುಕೊಳ್ಳೋಣ. ಒಟ್ಟು ಗುರುತ್ವಕೇಂದ್ರವು ಎಷ್ಟು ಸರಿಯುತ್ತದೆ? ಜರುಗಿದ ತೂಕವನ್ನು ಜರುಗಿದ ದೂರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ೧೧ನ್ನು ೩ರಿಂದ ಗುಣಿಸಿದರೆ ೩೩. ಅದನ್ನು ೩೦೦ರಿಂದ ಭಾಗಿಸಿದರೆ ೦.೧೧ ಮೀಟರ್. ಅಂದರೆ ಕೇವಲ ೧೧ ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಅಂಗೈಯಗಲ! ಇಂಥ ದೊಡ್ಡ ವಿಮಾನದಲ್ಲಿ ಗುರುತ್ವಕೇಂದ್ರವು ಮುಂದೆ ಹಿಂದೆ ಸರಿಯಲು ಅನುಮತಿಯಿರುವ ಅಂತರವೇ ಒಂದು ಮೀಟರಿಗಿಂತ ಹೆಚ್ಚು. ಗಾಡಿಯಲ್ಲಿ ಒಂದೆರಡು ಮೂಟೆಗಳಿಂದ ಮೂಕಿ ಎದ್ದೀತು. ಅಷ್ಟು ದೊಡ್ಡ ವಿಮಾನದಲ್ಲಿ ಒಂದು ವಾಹನವು ಸ್ವಲ್ಪ ಜರುಗಿದ ಮಾತ್ರಕ್ಕೆ ಸಮತೋಲ ಕೈಮೀರಬೇಕಾಗಿಲ್ಲ.

ತನಿಖೆಗಾರರು ವಿಮಾನದ ಚಲನೆಯನ್ನು ಇದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ಲೆಕ್ಕಹಾಕಿ ಇಂಥದೇ ನಿರ್ಣಯಕ್ಕೆ ಬಂದರು. ಗುರುತ್ವಕೇಂದ್ರ ಹಿಂದಕ್ಕೆ ಸರಿದುದು ಒಂದೇ ಆಗಿದ್ದರೆ ಚಾಲಕರು ವಿಮಾನವನ್ನು ಹತೋಟಿಯಲ್ಲಿಟ್ಟುಕೊಳ್ಳಬಹುದಾಗಿತ್ತು. ಅವರಿಂದ ಹತೋಟಿಯನ್ನು ಕಸಿದುಕೊಂಡುದು ಹೊರೆಯ ಭಾರವಲ್ಲ, ಅದರ ಹೊಡೆತ. ಕಟ್ಟು ಬಿಚ್ಚಿದ ವಾಹನವು ಹಿಂದಿನ ಗೋಡೆಯನ್ನು ಒಡೆದು ನುಗ್ಗಿದಾಗ, ವಿಮಾನದ ನಾಲ್ಕು ಹೈಡ್ರಾಲಿಕ್ ವ್ಯವಸ್ಥೆಗಳಲ್ಲಿ ಒಂದನೆಯದೂ ಎರಡನೆಯದೂ ಹಾಳಾದುವು. ಅದರ ಜೊತೆಗೆ ಸ್ಥಿರಕವನ್ನು ಹಿಡಿದಿದ್ದ ತಿರುಪಿನ ಜಾಕಿಯ ಭಾಗಗಳಿಗೂ ಏಟು ಬಿದ್ದಿತು. ಜಾಕಿ ಮುರಿದರೆ ಅದು ಹೊತ್ತಿದ್ದ ಲಾರಿ ಹೇಗೆ ಕುಸಿಯುವುದೋ ಹಾಗೆ ಬಾಲದ ದೊಡ್ಡ ಪಟ್ಟೆಯು ತನ್ನ ಸ್ಥಾನವನ್ನು ಕಳೆದುಕೊಂಡಿತು. ಪಟ್ಟೆಯ ಮುಂಚೂಣಿ ಕೆಳಕ್ಕೆ ಬಾಗಿದರೆ ಗಾಳಿಯು ಬಾಲವನ್ನು ಕೆಳಕ್ಕೂ, ಅದರಿಂದಾಗಿ ಮೂಗನ್ನು ಮೇಲಕ್ಕೂ ನೂಕುತ್ತದೆ. ಚಾಲಕನು ಕೈಗೋಲನ್ನು ಎಷ್ಟೇ ಮುಂದಕ್ಕೆ ಒತ್ತಿದರೂ, ದೊಡ್ಡ ಪಟ್ಟೆಯ ಬಲವನ್ನು ಸಣ್ಣ ಏರಿಳಿಪಟ್ಟೆಯು ಎದುರಿಸಿ ಗೆಲ್ಲಲಾರದು. ಆ ಕ್ಷಣದಿಂದಾಚೆಗೆ ಚಾಲಕರ ಕೌಶಲಕ್ಕೆ ಅವಕಾಶವೇ ಉಳಿದಿರಲಿಲ್ಲ. ಈ ಮಾತನ್ನು ಸ್ಪಷ್ಟವಾಗಿ ಹೇಳುವುದು ಸತ್ತವರಿಗೆ ಸಲ್ಲಬೇಕಾದ ನ್ಯಾಯವೂ ಹೌದು.

ಕಟ್ಟು ಕೈಕೊಟ್ಟುದೇಕೆ?

ಇನ್ನು ಉಳಿದ ಪ್ರಶ್ನೆ ಕಟ್ಟಿನದು. ಜಡತ್ವದ ನಿಯಮದಂತೆ, ನಿಂತ ವಸ್ತುವು ನಿಂತೇ ಇರಬಯಸುತ್ತದೆ. ಬಸ್ಸು ಹೊರಟಾಗ ನಿಂತ ಪ್ರಯಾಣಿಕನು ಹಿಂದಕ್ಕೆ ವಾಲುವಂತೆ, ವಿಮಾನವು ವೇಗವನ್ನು ಗಳಿಸುವಾಗ ಹೊರೆಯು ಹಿಂದಕ್ಕೆ ಉಳಿಯಲು ಯತ್ನಿಸುತ್ತದೆ. ಮೂಗು ಎದ್ದಮೇಲೆ ನೆಲವೇ ಇಳಿಜಾರಾಗಿ, ತೂಕದ ಒಂದಂಶವೂ ಹಿಂದಕ್ಕೆ ಎಳೆಯತೊಡಗುತ್ತದೆ. ವಿಮಾನದ ವೇಗೋತ್ಕರ್ಷವು ಗುರುತ್ವದ ಐದನೆಯ ಒಂದಂಶವೆಂದೂ, ಮೂಗು ೧೫ ಡಿಗ್ರಿ ಎದ್ದಿದೆಯೆಂದೂ ಭಾವಿಸಿದರೆ ೧೧ ಟನ್ನಿನ ವಾಹನದ ಮೇಲೆ ಹಿಮ್ಮುಖವಾಗಿ ಸುಮಾರು ೫ ಟನ್ ತೂಕದಷ್ಟು ಸೆಳೆತವುಂಟಾಗುತ್ತದೆ. ಹೊರೆಯನ್ನು ಸುಲಭವಾಗಿ ಒಳಕ್ಕೆ ನೂಕಲೆಂದು ಸರಕು ವಿಮಾನದ ನೆಲದಲ್ಲಿ ಉರುಳೆಗಳಿರುತ್ತವೆ. ಈ ವಾಹನಗಳಿದ್ದ ಹಲಗೆಗಳು ನೆಲದ ಬೀಗಗಳಿಗೆ ಸಿಕ್ಕಿರಲಿಲ್ಲ. ಆದುದರಿಂದ ಘರ್ಷಣೆಯ ನೆರವು ಅಲ್ಪ. ಹಿಡಿದು ನಿಲ್ಲಿಸುವ ಹೊಣೆಯೆಲ್ಲ ಪಟ್ಟಿಗಳದು.

ಒಂದೊಂದು ಪಟ್ಟಿಯೂ ೫೦೦೦ ಪೌಂಡು ಬಲವನ್ನು ತಾಳಬಲ್ಲದು, ಎಂದರೆ ಎರಡು ಟನ್ನಿಗೂ ಮಿಗಿಲು. ಅಂಥ ೨೪ ಪಟ್ಟಿಗಳಿದ್ದ ಮೇಲೆ ೫ ಟನ್ನಿನ ಸೆಳೆತ ಯಾವ ಲೆಕ್ಕ ಎಂದು ತೋರುವುದು ಸಹಜ. ಇಂಥ ಎಣಿಕೆಯಲ್ಲಿಯೇ ಮೋಸವಡಗಿದೆ. ಪಟ್ಟಿಯು ತನ್ನ ಉದ್ದದ ದಿಕ್ಕಿನಲ್ಲಿ ಮಾತ್ರ ಎಳೆಯಬಲ್ಲುದು. ನೆಲಕ್ಕೆ ೩೦ ಡಿಗ್ರಿ ಕೋನದಲ್ಲಿ ಹಿಂದುಮುಂದಾಗಿ ಚಾಚಿ ಕಟ್ಟಿದರೆ ಅದರ ಬಲದ ಬಹುಪಾಲು ಜರುಗುವಿಕೆಯನ್ನು ತಡೆಯುತ್ತದೆ. ೬೦ ಡಿಗ್ರಿ ಕಡಿದಾಗಿ ಕಟ್ಟಿದರೆ ಅರ್ಧ ಮಾತ್ರ. ನೆಟ್ಟಗೆ ಮೇಲಿನಿಂದ ಕೆಳಕ್ಕೆ, ಇಲ್ಲವೆ ಪೂರ್ತಿ ಅಡ್ಡಲಾಗಿ ಬಿಗಿದ ಪಟ್ಟಿಯಿಂದ ಹಿಂದಕ್ಕೆ ಜರುಗುವುದಕ್ಕೆ ತಡೆ ಇಲ್ಲವೇ ಇಲ್ಲವೆನ್ನಬೇಕು. ವಾಹನವನ್ನು ಮುಂದಕ್ಕೆ ಜರುಗದಂತೆ ಹಿಡಿಯುವ ಪಟ್ಟಿಗಳು ಹಿಂದಕ್ಕೆ ಜರುಗುವಾಗ ಸಡಿಲವಾಗುತ್ತವೆ. ಅವನ್ನು ಎಣಿಕೆಯಿಂದ ಬಿಡಬೇಕು. ಉಳಿದವುಗಳಲ್ಲಿಯೂ ಭಾರವು ಸಮನಾಗಿ ಹಂಚಿಹೋಗುವುದಿಲ್ಲ. ಹೆಚ್ಚು ಬಿಗಿಯಾದ ಪಟ್ಟಿ ಮೊದಲು ಭಾರವನ್ನು ಹೊತ್ತು ಮೊದಲು ಹರಿಯುತ್ತದೆ. ಅದರ ಪಾಲು ಪಕ್ಕದ್ದ ಮೇಲೆ ಬೀಳುತ್ತದೆ. ಹೀಗೆ ಒಂದಾದ ಮೇಲೊಂದು ಸೋಲುತ್ತವೆ. ಪಟ್ಟಿಗಳನ್ನು ಸಿಕ್ಕಿಸುವ ನೆಲದ ಕೊಂಡಿಗಳಿಗೂ ಅವುಗಳದೇ ಮಿತಿಯುಂಟು. ಗಾಳಿಯ ಕುಲುಕಾಟವನ್ನೂ ಒರಟಾದ ಇಳಿತವನ್ನೂ ತಾಳಬೇಕಾದ ಕಾರಣ, ಸಾಮಾನ್ಯ ಏರಿಕೆಯ ಸೆಳೆತಕ್ಕಿಂತ ಹಲವು ಪಟ್ಟು ಹೆಚ್ಚಿನ ಬಲಕ್ಕೆ ಕಟ್ಟನ್ನು ಸಿದ್ಧಪಡಿಸಬೇಕು.

ನೆಲದ ಮೇಲೆ ಭಾರ ಸಾಗಿಸುವವರಿಗೆ ನಿಧಾನವೆಂಬ ರಕ್ಷೆಯುಂಟು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ ೩೯ ಅಡಿ ಎತ್ತರದ ಬಾಹುಬಲಿಯ ವಿಗ್ರಹವನ್ನು ೧೯೭೩ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಿದಾಗ ವಾಹನವು ಅಡಿಯಡಿಯಾಗಿಯೇ ಚಲಿಸಿತು. ವೇಗದ ಬದಲಾವಣೆ ಅಲ್ಪವಾದಷ್ಟೂ ಕಟ್ಟಿನ ಮೇಲಿನ ಸೆಳೆತವೂ ಅಲ್ಪ. ಚಾರ್ಮಾಡಿ ಘಾಟಿಯನ್ನೇರುವ ಲಾರಿಯವನು ಹಗ್ಗ ಸಡಿಲವಾಯಿತೆಂದು ಅನುಮಾನ ಬಂದರೆ ದಾರಿಯಲ್ಲಿ ನಿಲ್ಲಿಸಿ ನೋಡಬಲ್ಲನು. ಓಡುದಾರಿಯ ತುದಿಗೆ ಧಾವಿಸುತ್ತಿರುವ ವಿಮಾನಕ್ಕೆ ಈ ಎರಡು ಸೌಕರ್ಯಗಳೂ ಇಲ್ಲ.

ಹೊಣೆ ಯಾರದು?

ಕಟ್ಟಿದವನು ಹೊರೆ ಅಧಿಕಾರಿ. ಆದುದರಿಂದ ತಪ್ಪು ಅವನದೆಂದು ಹೇಳಿ ಮುಗಿಸುವುದು ಸುಲಭವಾಗಿತ್ತು. ತನಿಖೆಯು ಅಲ್ಲಿಗೆ ನಿಲ್ಲಲಿಲ್ಲ. ಆತನು ಅನುಸರಿಸಬೇಕಾಗಿದ್ದ ಸಂಸ್ಥೆಯ ಕೈಪಿಡಿಯನ್ನೇ ತೆರೆದು ನೋಡಿತು. ವಿಮಾನದ ತಯಾರಕರೂ ಹೊರೆ ಹಿಡಿಯುವ ಸಲಕರಣೆಗಳ ತಯಾರಕರೂ ಕೊಟ್ಟಿದ್ದ, ಸುರಕ್ಷೆಗೆ ಅತ್ಯಗತ್ಯವಾದ ಸೂಚನೆಗಳು ಆ ಕೈಪಿಡಿಯಲ್ಲಿ ಬಿಟ್ಟುಹೋಗಿದ್ದುವು. ಸರಿಯಾದ ಕ್ರಮದಿಂದ ಲೆಕ್ಕಹಾಕಿದ್ದರೆ ಆ ಐದು ವಾಹನಗಳನ್ನು ಆ ವಿಮಾನದಲ್ಲಿ ಒಟ್ಟಿಗೆ ಕೊಂಡೊಯ್ಯುವಂತೆಯೇ ಇರಲಿಲ್ಲ. ಇಂಥ ವಿಶೇಷ ಹೊರೆಯನ್ನು ಬಿಗಿಯುವ ಬಗ್ಗೆ ಸಂಸ್ಥೆಯ ಕ್ರಮಗಳು ಅಸಮರ್ಪಕವಾಗಿದ್ದುದೇ ಮೂಲಕಾರಣವೆಂದು ಮಂಡಳಿಯು ನಿರ್ಣಯಿಸಿತು. ಅಮೆರಿಕದ ವಿಮಾನಯಾನ ಆಡಳಿತವು ಈ ಸಂಸ್ಥೆಯ ಮೇಲೆ ಸಾಕಷ್ಟು ನಿಗಾ ಇಡದಿದ್ದುದೂ ಅದಕ್ಕೆ ನೆರವಾಯಿತೆಂದು ಹೇಳಿತು.

ಮತ್ತೊಂದು ಸಂಗತಿಯೂ ಬೆಳಕಿಗೆ ಬಂದಿತು. ಆಗಿನ ಅಮೆರಿಕದ ನಿಯಮಗಳಂತೆ ಚಾಲಕನಿಗೆ ಪರೀಕ್ಷೆಯೂ ಅಧಿಕಾರಪತ್ರವೂ ಬೇಕಿತ್ತು, ಯಂತ್ರ ದುರಸ್ತಿ ಮಾಡುವವನಿಗೂ ಬೇಕಿತ್ತು. ಆದರೆ ನೂರಾರು ಟನ್ನಿನ ವಿಮಾನದ ಹೊರೆಯನ್ನು ಹಂಚಿ ಕಟ್ಟುವವನಿಗೆ ಅಂಥ ಯಾವ ಅಧಿಕಾರಪತ್ರವೂ ಬೇಕಿರಲಿಲ್ಲ. ಇಂಥವರಿಗೂ ಕ್ರಮಬದ್ಧವಾದ ಶಿಕ್ಷಣ ಮತ್ತು ಅಧಿಕಾರಪತ್ರ ಇರಬೇಕೆಂದು ಮಂಡಳಿಯು ಸಲಹೆ ಮಾಡಿತು. ಭಾರವಾದ ವಾಹನಗಳನ್ನು ಸಾಗಿಸುವ ವಿಷಯದಲ್ಲಿ ಎಚ್ಚರಿಕೆಯಿಂದಿರುವಂತೆ ಅಮೆರಿಕದ ಆಡಳಿತವು ದುರ್ಘಟನೆ ನಡೆದ ಕೆಲವೇ ವಾರಗಳಲ್ಲಿ ಸರಕು ಸಂಸ್ಥೆಗಳಿಗೆ ಸುತ್ತೋಲೆ ಕಳುಹಿಸಿತ್ತು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ ಒಪ್ಪಂದಕ್ಕೆ ಸೇರಿದ ಹದಿಮೂರನೆಯ ಅನುಬಂಧವು ಅಪಘಾತಗಳ ತನಿಖೆಗೆ ಒಂದೇ ಗುರಿಯನ್ನು ವಿಧಿಸಿದೆ: ಮುಂದೆ ಅಂಥವು ನಡೆಯದಂತೆ ತಡೆಯುವುದು. ದೋಷವನ್ನು ಹಂಚುವುದು ಅದರ ಕೆಲಸವಲ್ಲ. ನಮ್ಮ ದೇಶದಲ್ಲಿಯೂ ಇದೇ ಉದ್ದೇಶದಿಂದ ೨೦೧೨ರಲ್ಲಿ ವಿಮಾನ ಅಪಘಾತಗಳ ತನಿಖೆಗೆಂದೇ ಪ್ರತ್ಯೇಕ ಸಂಸ್ಥೆಯೊಂದು ಸ್ಥಾಪಿತವಾಯಿತು. ಗುರಿಯು ತಡೆಗಟ್ಟುವಿಕೆಯಾದಾಗ ಸತ್ಯದ ಅಗತ್ಯ ಇನ್ನೂ ಹೆಚ್ಚುತ್ತದೆ. ಹಿಂಭಾರದಿಂದ ವಿಮಾನ ಬಿದ್ದಿತೆಂದು ನಂಬಿದ್ದರೆ, ಹೊರೆಯ ತೂಕವನ್ನು ಇನ್ನಷ್ಟು ಜಾಗರೂಕತೆಯಿಂದ ಹಂಚಿ ಎಂಬುದಷ್ಟೇ ಪಾಠವಾಗುತ್ತಿತ್ತು. ಹಾಗೆ ಸರಿಯಾಗಿ ಹಂಚಿದ ಹೊರೆಯೂ ಕಟ್ಟು ಕಳಚಿದರೆ ಬಾಲದ ಯಂತ್ರಗಳನ್ನು ಒಡೆದು ಮತ್ತೊಂದು ವಿಮಾನವನ್ನು ಕೆಡವಬಹುದಾಗಿತ್ತು.

ಈ ತನಿಖೆಯ ಕಡತದಲ್ಲಿ ಅತ್ಯಂತ ಚಿಕ್ಕ ಸಾಕ್ಷ್ಯವು ಬಗ್ರಾಮಿನಲ್ಲಿ ಕಣ್ಣಿಗೆ ಬಿದ್ದ ಆ ತುಂಡಾದ ಪಟ್ಟಿ. ಪ್ರಯೋಗಶಾಲೆಯಲ್ಲಿ ತಂತಿಯೊಂದು ಹರಿದರೆ ವಿದ್ಯಾರ್ಥಿಯು ಅದರ ಮೇಲೆ ಬಿದ್ದ ಬಲವೆಷ್ಟೆಂದು ಮೊದಲು ಲೆಕ್ಕ ಹಾಕಬೇಕು. ಆಮೇಲೆ ಹೊಸ ತಂತಿಯನ್ನು ಕಟ್ಟಬೇಕು. ಆ ಪಟ್ಟಿಯು ಹರಿಯುವ ಮೂಲಕ ತನ್ನ ಮೇಲಿನ ಬಲವು ಎಣಿಕೆಗಿಂತ ಹೆಚ್ಚೆಂದು ತಿಳಿಸಿತ್ತು. ಅಲ್ಲಿದ್ದವರು ಅದನ್ನು ಕಡೆಗಣಿಸಲಿಲ್ಲ, ಮತ್ತೆ ಬಿಗಿದರು. ಆದರೆ ಅದು ಹರಿದುದೇಕೆಂದು ಲೆಕ್ಕಹಾಕಿ ನೋಡಲು ಬೇಕಾದ ಸೂತ್ರವು ಅವರ ಕೈಪಿಡಿಯಲ್ಲಿ ಇರಲಿಲ್ಲ. ಕೆಲಸ ಮಾಡುವವನ ಕೈಗೆ ಸರಿಯಾದ ಲೆಕ್ಕವನ್ನು ಕೊಡದೆ ಎಚ್ಚರಿಕೆಯನ್ನು ಮಾತ್ರ ನಿರೀಕ್ಷಿಸುವ ಎಲ್ಲ ಸಂಸ್ಥೆಗಳೂ ನೆನಪಿನಲ್ಲಿಡಬೇಕಾದ ವಿಷಯವಿದು.